ತಡವಾಗಿ ಏಳುವ ಕೋಲು

ನಮ್ಮ ಕಾಕಾ ನನಗೆ ಬುದ್ಧಿ ಬಂದಾಗಿನಿಂದಲೂ ಕೃಷ್ಣಾ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದಾನೆ. ಮೀನುಗಳಿಗೆ ಮಾತ್ರ ಈ ಸಂಗತಿ ಇನ್ನೂ ಗೊತ್ತಾಗಿಲ್ಲ!

ಉತ್ಪ್ರೇಕ್ಷೆ ಎನ್ನಬೇಡಿ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪುರಾವೆಯಿಲ್ಲದೆ ಬಾಯಿ ತೆರೆಯುವುದಿಲ್ಲ. ಪ್ರತಿ ಐತವಾರ ಬೆಳಿಗ್ಗೆ ಕಾಕಾ ರಾಯಚೂರಿನಿಂದ ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಬೈಕಿನಲ್ಲಿ ಹೋಗುತ್ತಾನೆ. ಸಂಜೆ ಸುಟ್ಟ ಮೂಗು, ಖಾಲಿ ಚೀಲ ಹೊತ್ತು ವಾಪಸು ಬರುತ್ತಾನೆ. ದಾರಿಯಲ್ಲಿ ಕಲ್ಮಲದ ಚಹಾದಂಗಡಿಯವನು ಅವನನ್ನು ಕಂಡ ಕೂಡಲೇ ಹುಬ್ಬು ಎತ್ತಿ, "ಇವತ್ತರ?" ಎಂದು ಕೇಳುತ್ತಾನೆ. ಕಾಕಾ ತಲೆ ಅಲ್ಲಾಡಿಸುತ್ತಾನೆ. ಅಂಗಡಿಯವನು ಮರುಮಾತಿಲ್ಲದೆ ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕುತ್ತಾನೆ. ಇಷ್ಟು ವರ್ಷಗಳ ಕರುಣೆಯ ಸಕ್ಕರೆ ಎಂದರೆ ಸಾಮಾನ್ಯವೇ? ಕಾಕಾನಿಗೆ ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ ಎನ್ನುವುದೇ ಆಶ್ಚರ್ಯ.

ಇಷ್ಟೇ ಆಗಿದ್ದರೆ ಕಾಕಾನನ್ನು ಕೈಲಾಗದ ಬೇಟೆಗಾರ ಎಂದು ಬದಿಗಿಡಬಹುದಿತ್ತು. ಆದರೆ ನಮ್ಮದು ಲಿಂಗಪೂಜೆಯಾಗದೆ ಒಲೆ ಹೊತ್ತದ ಮನೆ. ಮೀನು ತಿನ್ನುವುದಿರಲಿ, ಆ ಶಬ್ದಕ್ಕೇ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ಪಂಚಾಂಗ ನೋಡುವಾಗ ನಮ್ಮ ಅಜ್ಜಿ ಮೇಷದಿಂದ ಕುಂಭದ ತನಕ ಗಟ್ಟಿಯಾಗಿ ಓದಿ, ಹನ್ನೆರಡನೆಯದನ್ನು "ಕಡೀ ರಾಶಿ" ಎಂದು ಮುಗಿಸುತ್ತಾಳೆ! ಅಂಥ ಮನೆಯ ಕಿರಿ ಮಗ ಗಾಳ ಹಿಡಿದು ಹೊಳೆಗೆ ಹೋಗುವುದೆಂದರೇನು? ತಿನ್ನುವುದಿಲ್ಲ, ಮಾರುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಸಾಕುವುದೂ ಇಲ್ಲ.

"ಮತ್ತ ಯಾಕ ಹಿಡೀತಿ?" ಎಂದು ಕಾಕಿ ಕೇಳಿದರೆ ಕಾಕಾನ ಉತ್ತರ ಸಿದ್ಧವಿರುತ್ತದೆ.

"ಹಿಡಿದೆ ಅಂತ ನಿನಗ ಯಾರು ಹೇಳಿದ್ರು?"

ಅಜ್ಜಿಗೂ ಕಾಕಾನಿಗೂ ಒಂದು ಒಪ್ಪಂದವಿದೆ. ಕೋಲು ಹೊಸ್ತಿಲು ದಾಟಬಾರದು. ಅದರ ವಾಸ ಅಂಗಳದ ಬೇವಿನ ಮರದ ಕವಲಿನಲ್ಲಿ. ಕಾಕಾ ಹೊಳೆಯಿಂದ ಬಂದ ಮೇಲೆ ಅಂಗಳದಲ್ಲೇ ಎರಡು ತಂಬಿಗೆ ನೀರು ಸುರಿದುಕೊಂಡು, ವಿಭೂತಿ ಧರಿಸಿ ಒಳಗೆ ಬರಬೇಕು. ಅವನು ನೀರು ಸುರಿದುಕೊಳ್ಳುವಾಗ ಅಜ್ಜಿ ಬಾಗಿಲಲ್ಲಿ ನಿಂತು ಖಾಲಿ ಚೀಲವನ್ನು ಒಮ್ಮೆ ನೋಡಿ, ಕೈ ಮುಗಿದು ಹೇಳುತ್ತಾಳೆ: "ಶಿವ ದೊಡ್ಡಾವ! ನನ್ನ ಮಗಗ ಚಟ ಕೊಟ್ಟ, ಕೈಗುಣ ಕೊಡಲಿಲ್ಲ!"

ಇನ್ನು ಗಾಳದ ತಿಂಡಿಯ ಕಥೆ. ಎರೆಹುಳುವನ್ನು ಗಾಳಕ್ಕೆ ಚುಚ್ಚುವುದು ಜೀವಹಿಂಸೆಯಂತೆ! ಹಾಗಾದರೆ ಮೀನಿನ ಬಾಯಿಗೆ ಚುಚ್ಚುವುದು ಏನು, ಮೂಗುತಿ ಶಾಸ್ತ್ರವೇ? ಇದನ್ನು ಕೇಳಿದರೆ ಕಾಕಾನಿಗೆ ಕಿವಿ ಕೇಳುವುದಿಲ್ಲ. ಅವನು ಕೆಲಸ ಮಾಡುವುದು ಅಕ್ಕಿ ಗಿರಣಿಯಲ್ಲಿ. ಬಂದ ಭತ್ತವನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬರಿಗಣ್ಣಿನಿಂದ ನೋಡಿ, ಇದು ಗಿರಣಿಯಲ್ಲಿ ಇಡೀ ಅಕ್ಕಿಯಾಗಿ ಇಳಿಯುತ್ತದೋ ನುಚ್ಚಾಗುತ್ತದೋ ಎಂದು ಹೇಳುವುದು ಅವನ ಕೆಲಸ. ಕೂದಲೆಳೆಯಷ್ಟು ಸಣ್ಣ ಬಿರುಕನ್ನೂ ಹಿಡಿಯುತ್ತಾನೆ. ಅವನ ಕಣ್ಣು ತಪ್ಪಿತೆಂದು ಯಾರೂ ಹೇಳಿದ್ದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಅಲ್ಲಿಂದ ಒಂದು ಮುಷ್ಟಿ ತೌಡು ತಂದು, ಜೋಳದ ಹಿಟ್ಟು, ಬೆಲ್ಲ, ಕಾಕಿಯ ಡಬ್ಬಿಯಿಂದ ಕದ್ದ ಇಂಗು ಸೇರಿಸಿ ಉಂಡೆ ಕಟ್ಟುತ್ತಾನೆ. ಐತವಾರ ಬೆಳಿಗ್ಗೆ ಅಡುಗೆಮನೆಯಿಂದ ಒಂದೇ ಕೂಗು:

"ನನ್ನ ಬ್ಯಾಳಿಗಿ ಇಂಗಿಲ್ಲ, ಹೊಳಿಯಾಗಿನ ಮೀನಿಗಿ ಒಗ್ಗರಣಿ!"

ಅಜ್ಜಿ ಜಪ ನಿಲ್ಲಿಸಿ, "ಆ ಶಬ್ದ ಅನಬ್ಯಾಡಲೇ!" ಎನ್ನುತ್ತಾಳೆ.

ನನ್ನನ್ನು ಈ ವ್ಯವಹಾರಕ್ಕೆ ಎಳೆದು ತಂದದ್ದು ನನ್ನ ಬಾಯಿ. ಈಗ ನನ್ನ ಮಾತು ಕೇಳಿದವರು ನಂಬಲಿಕ್ಕಿಲ್ಲ, ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಮಾತು ತಡೆಯುತ್ತಿತ್ತು. ಅದರಲ್ಲೂ ‘ಕ’ ಎಂದರೆ ಕಲ್ಲಿನ ಗೋಡೆ. ನಾನು "ಕಿ… ಕಿ…" ಎಂದು ಒದ್ದಾಡುವಷ್ಟರಲ್ಲಿ ಮನೆ ತುಂಬ ಪರೋಪಕಾರಿಗಳು. "ಕಿವಿ ನೋಯಾಕತ್ತದೇನು?" ಎಂದು ಅತ್ತೆ. "ಕಿರಾಣಿ ಅಂಗಡಿಗಿ ಹೋಗ್ಬೇಕಾ?" ಎಂದು ಅಪ್ಪ. ಯಾರೋ ಒಬ್ಬರು ಕಿವಿಗೆ ಎಣ್ಣೆ ಬಿಟ್ಟೇಬಿಡುತ್ತಿದ್ದರು. ನಾನು ಹೇಳಬೇಕೆಂದಿದ್ದದ್ದು ಕಿಡಕಿ ಮುಚ್ಚಿ, ಬಿಸಿಲು ಬರುತ್ತಿದೆ ಎಂದು! ಅಜ್ಜಿ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿ ಹಚ್ಚಿ ನನಗೆ ಜೇನುತುಪ್ಪ ಕಂಡರೇ ಆಗದಂತೆ ಮಾಡಿದಳು. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣುಗಳು. ಮಾತಾಡಲು ಬಾಯಿ ತೆರೆದರೆ ಸಾಕು, ಹಾವಾಡಿಗನ ಬುಟ್ಟಿಯನ್ನು ನೋಡುವಂತೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟು ಜನ ನೋಡುತ್ತಿದ್ದರೆ ಯಾವ ಹಾವು ಹೊರಗೆ ಬರುತ್ತದೆ ಹೇಳಿ?

ಆ ವರ್ಷ ಒಂದು ಐತವಾರ ಕಾಕಾ, "ಹೊಳಿಗಿ ಬಾ. ನನಗ ಅಲ್ಲಿ ಒಬ್ಬ ವಕೀಲರು ಬೇಕಾಗ್ಯಾರ," ಎಂದ.

ವಕೀಲರು ಏಕೆ ಬೇಕು ಎಂಬುದು ಹೊಳೆದಂಡೆಯಲ್ಲಿ ಅರ್ಧ ಗಂಟೆ ಕೂತ ಮೇಲೆ ತಿಳಿಯಿತು. ಗಾಳ ಹಾಕುವವರ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲು ಗಾಳಿ: ನೀವು ದಾರವನ್ನು ನೀರಿಗೆ ಬೀಸಿದರೆ ಅದು ಹಿಂದಿನ ಜಾಲಿ ಗಿಡಕ್ಕೆ ಬೀಳುತ್ತದೆ. ಜಾಲಿಯಿಂದ ಬಿಡಿಸಿದರೆ ನಿಮ್ಮದೇ ಅಂಗಿಯ ಕೊರಳಪಟ್ಟಿಗೆ ಕಚ್ಚುತ್ತದೆ. ನನಗೆ ಗೊತ್ತಿದ್ದ ಹಾಗೆ ಆ ಗಾಳಕ್ಕೆ ಭದ್ರವಾಗಿ ಸಿಕ್ಕಿಬಿದ್ದ ಏಕೈಕ ಜೀವಿ ಕಾಕಾ! ದಾರ ಸಿಕ್ಕಾದರೆ ಸಿಕ್ಕು ಬಿಡಿಸುವ ಹೊತ್ತಿಗೆ ಮಧ್ಯಾಹ್ನ. ಬಿಡಿಸಿ ಹಾಕಿದರೆ ಏಡಿ ಬಂದು ತೌಡಿನ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆ ಮನೆಯಲ್ಲಿ ಲಾಡು ತಿನ್ನುವ ದೂರದ ಸಂಬಂಧಿಯ ಹಾಗೆ ತಿಂದು ಹೋಗುತ್ತದೆ. ಏಡಿ ಹೋಯಿತು ಎನ್ನುವಷ್ಟರಲ್ಲಿ ಎಮ್ಮೆಗಳು. ಹೊಳೆ ಇಷ್ಟು ಉದ್ದವಿದೆ, ಅವಕ್ಕೆ ಮೈ ತೋಯಿಸಲು ಬೇಕಾಗುವುದು ನಮ್ಮ ಗಾಳ ಬಿದ್ದ ಜಾಗವೇ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಮನುಷ್ಯ. ಕೋಲು ಹಿಡಿದು ಕೂತವನನ್ನು ಮಾತಾಡಿಸದೆ ಮುಂದೆ ಹೋಗುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಅಲ್ಲಮಪ್ರಭುವಿನ ಗುಡಿಗೆ ಬಂದವರು ಕೈ ಮುಗಿದು, ಕಾಯಿ ಒಡೆಸಿ, ನೇರವಾಗಿ ನಮ್ಮ ಹತ್ತಿರ ಬರುತ್ತಾರೆ.

"ಏನರ ಬಿತ್ತೇನ್ರೀ?"

"ಆ ಕಡಿ ಕುಂದುರ್ರಿ, ಅಲ್ಲಿ ಭಾಳ ಅದಾವ."

"ತಿನ್ನಂಗಿಲ್ಲಾ? ಮತ್ತ್ಯಾಕ ಹಿಡಿಯಾಕತ್ತೀರಿ?"

ಕಾಕಾ ಯಾರಿಗೂ ಉತ್ತರ ಕೊಡುವುದಿಲ್ಲ. ಅವನ ಕಣ್ಣು ಬೆಂಡಿನ ಮೇಲೆ. ಜೋಳದ ದಂಟಿನ ಒಳಗಿನ ಬೆಂಡನ್ನು ಕತ್ತರಿಸಿ, ನಮ್ಮ ಅಕ್ಕನ ಕೆಂಪು ನೇಲ್ ಪಾಲಿಶ್ ಬಳಿದು, ದಾರಕ್ಕೆ ಕಟ್ಟಿದ್ದು. ಅದು ನೀರಿನ ಮೇಲೆ ತೇಲುತ್ತಿರುತ್ತದೆ. ಮೀನು ಗಾಳ ಕಚ್ಚಿದರೆ ಮುಳುಗುತ್ತದೆ. ಮುಳುಗಿದ ಕ್ಷಣವೇ ಕೋಲು ಎತ್ತಬೇಕು. ಇಷ್ಟೇ ವಿದ್ಯೆ.

"ನನಗ ಬೆಂಡು ಬಿಟ್ಟು ಆ ಕಡಿ ಈ ಕಡಿ ನೋಡಾಕ ಬರಂಗಿಲ್ಲ. ಬಂದವರಿಗಿ ನೀ ಉತ್ತರ ಕೊಡು, ವಕೀಲ್ ಸಾಬ್," ಎಂದ ಕಾಕಾ.

"ನ… ನನಗ ತಡೀತದಲ್ಲ?"

"ತಡೀಲಿ. ಹೊಳ್ಯಾಗ ಯಾರಿಗಿ ಅವಸರ ಅದ?"

ಹೀಗೆ ನಾನು ಒಂಬತ್ತನೆಯ ವಯಸ್ಸಿನಲ್ಲಿ ‘ತಿನ್ನದವರೂ ಮೀನು ಹಿಡಿಯಬಹುದು’ ಎಂಬ ವಿಷಯದ ಪರವಾಗಿ ವಾದಿಸತೊಡಗಿದೆ. ಎದುರು ಪಕ್ಷದಲ್ಲಿ ಗೂಗಲ್‌ಗೆ ಬಂದ ಸಮಸ್ತ ಭಕ್ತಾದಿಗಳು! "ನೀವು ಇಸ್ಪೀಟು ಆಡ್ತೀರಲ್ರೀ, ರಾಜಾ ರಾಣಿನ ಮನಿಗಿ ಕರಕೊಂಡು ಹೋಗ್ತೀರೇನು?" ಎಂದು ಒಬ್ಬರ ಬಾಯಿ ಮುಚ್ಚಿಸಿದ ದಿನ ನನಗೆ ಹನ್ನೊಂದು ವರ್ಷ. ಆ ಒಂದು ವಾಕ್ಯ ಮುಗಿಸಲು ಎಷ್ಟು ಹೊತ್ತು ಹಿಡಿಯಿತೋ! ಕೇಳುತ್ತಿದ್ದವನು ಬೀಡಿ ಹಚ್ಚಿ, ಸೇದಿ, ಆರಿಸಿಬಿಟ್ಟಿದ್ದ.

ಅಲ್ಲಿಂದ ಶಾಲೆ, ಅಲ್ಲಿಂದ ಕಾಲೇಜು, ಈಗ ಮನೆಯ ಷೋಕೇಸಿನಲ್ಲಿ ಕಪ್ಪುಗಳಿಗೆ ಜಾಗವಿಲ್ಲ. ಗುಟ್ಟೊಂದನ್ನು ಹೇಳುತ್ತೇನೆ: ಕಲ್ಲಿನ ಗೋಡೆ ಬಿದ್ದಿಲ್ಲ, ಸಣ್ಣದಾಗಿದೆ, ಅಷ್ಟೇ. ನಾನು ಅದನ್ನು ಸುತ್ತಿ ಹೋಗುವುದನ್ನು ಕಲಿತಿದ್ದೇನೆ. ‘ಕಾರಣ’ ಎನ್ನುವಲ್ಲಿ ‘ಹೇತು’, ‘ಕಷ್ಟ’ ಎನ್ನುವಲ್ಲಿ ‘ಸಂಕಟ’, ‘ಕೊನೆಯದಾಗಿ’ ಎನ್ನುವಲ್ಲಿ ‘ಅಂತಿಮವಾಗಿ’. ತೀರ್ಪುಗಾರರು "ಎಂಥ ಶಬ್ದಸಂಪತ್ತು!" ಎಂದು ಹೊಗಳುತ್ತಾರೆ. ಸಂಪತ್ತಲ್ಲ ಸ್ವಾಮಿ, ಅಡ್ಡದಾರಿ!

ಕಾಕಾನ ವಿದ್ಯೆ ಮಾತ್ರ ಇದ್ದಲ್ಲೇ ಇತ್ತು. ಹೊಳೆಯಲ್ಲಿ ಹರಿಗೋಲು ಹಾಕಿ ಬಲೆ ಬೀಸುವ ಒಬ್ಬ ತಾತನಿದ್ದಾನೆ. ಕಾಕಾನನ್ನು ಕಂಡರೆ ಅವನಿಗೆ ಬಹಳ ಪ್ರೀತಿ, ಏಕೆಂದರೆ ಕಾಕಾನ ತೌಡು ತಿಂದು ದಪ್ಪಗಾದ ಮೀನುಗಳು ತಾತನ ಬಲೆಗೆ ಬೀಳುತ್ತವೆ. "ಸಾವ್ಕಾರ್ರೇ, ಒಂದು ಐತವಾರನೂ ತಪ್ಪಿಸಬ್ಯಾಡ್ರಿ. ಮೇವು ಹಾಕೋರು ನೀವು, ಮೇದಿದ್ದನ್ನ ಹಿಡಿಯೋನು ನಾನು!" ಎನ್ನುತ್ತಾನೆ. ಅವನಿಗೆ ಅರ್ಥವಾಗದ್ದು ಒಂದೇ.

"ಅಲ್ಲ ತಂಗೀ, ನಿಮ್ಮ ಕಾಕಾಗ ಏನಾಗ್ಯಾದ? ಬೆಂಡು ಮುಳುಗಿದ್ದು ನನಗ ಹರಿಗೋಲಿನ್ಯಾಗಿಂದ ಕಾಣಸ್ತದ. ಅವ್ರಿಗಿ ಕಾಣಸಂಗಿಲ್ಲ! ಮೀನ ತಿಂದು, ಬಾಯಿ ಒರಸ್ಕೊಂಡು ಹೋದ ಮ್ಯಾಲ ಕೋಲು ಎತ್ತತಾರ. ನೀ ಬರೋಕಿಂತ ಮದ್ಲು ಹಿಂಗ ಇರಲಿಲ್ಲವ್ವಾ. ಟಕ್ ಅಂತ ಎತ್ತತಿದ್ರು, ಮೀನ ಬರತಿತ್ತು. ಅದರ ಹಣಿಗಿ ಇಭೂತಿ ಹಚ್ಚಿ, ಕೈ ಮುಗದು, ನೀರಿಗಿ ಬಿಡತಿದ್ರು. ಒಂದ್ಸಲ ಇಭೂತಿ ಹಚ್ಚಿದ ಮೀನ ನನ್ನ ಬಲಿಗಿ ಬಿತ್ತು ನೋಡು, ತಿನ್ನಾಕ ಮನಸು ಬರಲಿಲ್ಲ!"

ನಾನು ನಂಬಲಿಲ್ಲ. ಮೀನಿಗೆ ವಿಭೂತಿಯೇ? ನೀರಲ್ಲಿ ಅದು ಉಳಿಯುತ್ತದೆಯೇ? ಕಾಕಾ ಟಕ್ಕನೆ ಕೋಲು ಎತ್ತುವುದೇ? ಕಂಡವರು ಒಬ್ಬರೇ, ಕೇಳಿದವಳು ನಾನೊಬ್ಬಳೇ. ಸಾಕ್ಷಿ ಸಾಲದು ಎಂದು ತಳ್ಳಿಹಾಕಿದೆ.

ಈ ವರ್ಷ ನಮ್ಮ ಅಕ್ಕನಿಗೆ, ಅಂದರೆ ಕಾಕಾನ ಮಗಳಿಗೆ, ಮಾನ್ವಿಯಿಂದ ಸಂಬಂಧ ಬಂತು. ಹುಡುಗ ಶಾಲೆಯಲ್ಲಿ ಮೇಷ್ಟರು. ಅಕ್ಕನ ಮನಸ್ಸಿಗೂ ಬಂದಿದ್ದ. ಎಷ್ಟರ ಮಟ್ಟಿಗೆ ಎಂದರೆ, ಮೂರು ಸಲ ಕೇಳಿದರೂ ಜಗಳಕ್ಕೆ ಬರದೆ ನಕ್ಕಳು! ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರು. ಮೊಟ್ಟೆ ಮಾರುವ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಕೊಳ್ಳದವರು ಎಂದು ಖ್ಯಾತಿ. ಬುಧವಾರ ಮಾತುಕತೆಗೆ ಬರುತ್ತೇವೆಂದಿದ್ದರು. ಅಷ್ಟರಲ್ಲಿ ಸಂಬಂಧ ತಂದಿದ್ದ ಮಲ್ಲಟದ ನೆಂಟರು ಫೋನು ಮಾಡಿದರು: "ಬೀಗರ ಕಿವಿಗಿ ಬಿದ್ದದ್ರಿ. ಕನ್ಯಾದ ಅಪ್ಪ ಮೀನ ಹಿಡಿತಾನಂತ. ಅದನ್ನ ಕೇಳೇ ಕೇಳ್ತಾರ, ಏನರ ಒಂದು ದಾರಿ ಮಾಡ್ರಿ."

ಮನೆಯಲ್ಲಿ ತುರ್ತು ಸಭೆ ಸೇರಿತು. ಕಾಕಿ ನೇರವಾಗಿ ನನ್ನ ಷೋಕೇಸಿಗೆ ಬೆರಳು ತೋರಿಸಿದಳು. "ಇಷ್ಟು ಕಪ್ಪು ಗೆದ್ದೀ. ನಿಮ್ಮ ಕಾಕಾನ ಕೈಯಾಗಿಂದ ಒಂದು ಕೋಲು ಬಿಡಸಾಕ ಆಗಂಗಿಲ್ಲೇನು?" ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಐತವಾರ ನಾನು ಮೂರು ವಾದಗಳನ್ನು ಸಿದ್ಧಮಾಡಿಕೊಂಡು ಗೂಗಲ್‌ಗೆ ಹೋದೆ. ಕಾಕಾ ಗುಡಿಗೆ ಕೈ ಮುಗಿದು, ದಂಡೆಯ ಕಲ್ಲಿನ ಮೇಲೆ ಕೂತು, ಗಾಳ ಬೀಸಿದ. ಅದು ಜಾಲಿ ಗಿಡಕ್ಕೆ ಹೋಯಿತು. ಬಿಡಿಸಿಕೊಟ್ಟೆ. ಮತ್ತೆ ಬೀಸಿದ. ಬೆಂಡು ನೀರಿನ ಮೇಲೆ ಕೂತಿತು.

"ಮೊದಲನೇದು," ಎಂದು ನಾನು ಶುರುಮಾಡಿದೆ. "ತಿನ್ನೋರು ಹಿಡಿದ್ರ ಹಸಿವು ಅಂತ ಒಂದು ನೆಪ ಅದ. ತಿನ್ನದೋರು ಹಿಡಿದ್ರ ಬರೇ ಹಿಂಸಾ. ಅಂದಮ್ಯಾಲ ನಮ್ಮದು ತಿನ್ನೋರಕಿಂತ ದೊಡ್ಡ ಪಾಪ."

"ಚೊಲೋ ಅಂದಿ," ಎಂದ ಕಾಕಾ, ಬೆಂಡನ್ನೇ ನೋಡುತ್ತ. "ಆ ಎಮ್ಮಿ ಹೊಡಿ ಅತ್ತಾಗ."

ಎಮ್ಮೆ ಹೊಡೆದು ಬಂದೆ. "ಎರಡನೇದು. ವಾರದಾಗ ಒಂದು ಸೂಟಿ ನಿನಗ. ಅದನ್ನ ಇಲ್ಲಿ ಬಿಸಿಲಾಗ ಕುಂತು, ಏಡಿಗಿ ಲಾಡು ತಿನ್ನಿಸಿ…"

"ಏನರ ಬಿತ್ತೇನ್ರೀ?" ಎನ್ನುತ್ತ ಗುಡಿಯಿಂದ ಇಬ್ಬರು ಬಂದರು. ಕಾಕಾ ಕಣ್ಣಲ್ಲೇ ನನಗೆ ಸನ್ನೆ ಮಾಡಿದ. ಏನು ಮಾಡುವುದು? ಕಾಕಾನ ವಿರುದ್ಧದ ವಾದವನ್ನು ಅರ್ಧಕ್ಕೆ ನಿಲ್ಲಿಸಿ, ಕಾಕಾನ ಪರವಾಗಿ ಹತ್ತು ನಿಮಿಷ ವಾದಿಸಿ, ಅವರನ್ನು ಸೋಲಿಸಿ ಕಳಿಸಿ, ತಿರುಗಿ ವಿರೋಧ ಪಕ್ಷಕ್ಕೆ ಬಂದೆ. ಯಾವ ಸ್ಪರ್ಧೆಯಲ್ಲೂ ನನಗೆ ಇಂಥ ದುರ್ಗತಿ ಬಂದಿರಲಿಲ್ಲ!

ಮೂರನೆಯ ವಾದಕ್ಕೆ ನಾನು ದೊಡ್ಡ ಪೀಠಿಕೆ ಬರೆದುಕೊಂಡಿದ್ದೆ. ಬೇಕಾಗಲಿಲ್ಲ. "ಅಕ್ಕನ ಸಂಬಂಧ ಇದರಿಂದ ತಪ್ಪತದ," ಎಂದೆ, ಅಷ್ಟೇ.

ಕಾಕಾ ಕೋಲನ್ನು ತೊಡೆಯ ಮೇಲೆ ಇಳಿಸಿದ.

"ಆಕಿಗಿ ಹುಡುಗ ಮನಸಿಗಿ ಬಂದಾನೇನು?"

"ಭಾಳ."

"ಹಂಗಾರ ಆತು ಬಿಡು."

ದಾರ ಸುತ್ತಿದ. ತೌಡಿನ ಉಂಡೆಗಳನ್ನು ಒಂದೊಂದಾಗಿ ನೀರಿಗೆ ಹಾಕಿದ. ಹರಿಗೋಲು ದಂಡೆಗೆ ತಂದಿದ್ದ ತಾತನ ಕೈಗೆ ಕೋಲು ಕೊಟ್ಟು, "ಇದು ನಿಂದು," ಎಂದ. ತಾತ ಕೋಲನ್ನೂ ನನ್ನನ್ನೂ ನೋಡಿ, ಅದನ್ನು ಹರಿಗೋಲಿನೊಳಗೆ ಇಟ್ಟ. ನಾನು ಗೆದ್ದಿದ್ದೆ. ಗೆದ್ದವರಿಗೆ ಚಪ್ಪಾಳೆ ಇರುತ್ತದಲ್ಲ? ಎಮ್ಮೆಯೊಂದು ಬಾಲ ಬಡಿಯಿತು. ಬರುವಾಗ ಕಲ್ಮಲದ ಅಂಗಡಿಯವನು ಹುಬ್ಬು ಎತ್ತಿದ. ಕಾಕಾ ತಲೆ ಅಲ್ಲಾಡಿಸಲಿಲ್ಲ. ಅವನು ಕೊಟ್ಟ ಸಕ್ಕರೆಯ ಚಹಾವನ್ನು ನಾನು ಅರ್ಧಕ್ಕೇ ಬಿಟ್ಟು ಎದ್ದೆ.

ಬುಧವಾರ ಬೀಗರು ಬಂದರು. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ. ಅಕ್ಕ ನಮಸ್ಕಾರ ಮಾಡಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಅಜ್ಜಿ ಅಡುಗೆಮನೆಯಲ್ಲಿ, ಕಿವಿ ಪಡಸಾಲೆಯಲ್ಲಿ. ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಂಡರು.

"ಒಂದು ಮಾತು ಕೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಐತವಾರ ಐತವಾರ ಹೊಳಿಗಿ ಮೀನ ಹಿಡಿಯಾಕ ಹೋಗ್ತೀರಂತ. ಖರೇ ಏನ್ರಿ?"

ಕಾಕಾ ಹೇಳಬೇಕಾದದ್ದು ಒಂದೇ ಮಾತು: ಬಿಟ್ಟುಬಿಟ್ಟೀನ್ರಿ. ಸುಳ್ಳೂ ಅಲ್ಲ. ಆದರೆ ಇಷ್ಟು ವರ್ಷಗಳ ರೂಢಿ ನೋಡಿ! ಯಾರಾದರೂ ಮೀನಿನ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಅವನ ಕೆಲಸವಲ್ಲ. ಕಣ್ಣನ್ನು ಚಹಾದ ಲೋಟಕ್ಕೆ ಇಳಿಸಿ, "ನಮ್ಮ ವಕೀಲರು ಹೇಳ್ತಾರ್ರಿ," ಎಂದುಬಿಟ್ಟ.

ನಾನು ಎದ್ದು ನಿಂತೆ. ಬಾಯಲ್ಲಿ ಒಂದು ಸುರಕ್ಷಿತ ವಾಕ್ಯವಿತ್ತು, ಒಂದೂ ‘ಕ’ ಇಲ್ಲದ್ದು: ಅವರು ಅದನ್ನು ಬಿಟ್ಟಿದ್ದಾರೆ. ಆದರೆ ಲೋಟಕ್ಕೆ ಬಾಗಿದ ಆ ತಲೆಯನ್ನು ನೋಡಿದ ಮೇಲೆ ‘ಅವರು’ ಎನ್ನಲಾಗಲಿಲ್ಲ. ಪ್ರಪಂಚದಲ್ಲಿ ಎಲ್ಲಕ್ಕೂ ನನ್ನ ಹತ್ತಿರ ಬೇರೆ ಶಬ್ದವಿದೆ, ಕಾಕಾನಿಗೆ ಮಾತ್ರ ಇಲ್ಲ.

"ಕಾ…" ಎಂದೆ. ಗೋಡೆ!

"ಕಾ… ಕಾ…"

ಎಲ್ಲರ ಕಣ್ಣೂ ನನ್ನ ಬಾಯಿಗೆ ಬಂದವು. ಹೆಡ್‌ಮಾಸ್ತರು ಮುಂದೆ ಬಾಗಿ, "ಕಾಲುವಿಗಿ ಹೋಗ್ತಾರೇನು?" ಎಂದರು. ಅವರ ಹೆಂಡತಿ, "ಕಾಯಿಪಲ್ಯಾ ತರಾಕ ಹೋಗ್ತಾರ ಅಂತಾಳೇನೋ," ಎಂದರು. ಮಲ್ಲಟದ ನೆಂಟರು, "ಕಾಶಿಗಿ!" ಎಂದರು. ಅವರ ಉದ್ದೇಶ ಒಳ್ಳೆಯದೇ. ನನಗೆ ಒಮ್ಮೆಲೇ ಒಂಬತ್ತು ವರ್ಷವಾಯಿತು. ಕಿವಿಗೆ ಎಣ್ಣೆ ಬೀಳ ಹತ್ತಿದಂತೆ ಅನ್ನಿಸಿತು.

ಆಗ ಕಾಕಾ ಎಡಗೈ ಎತ್ತಿದ. ದಂಡೆಯ ಮೇಲೆ ಬೆಂಡು ಅಲುಗಿದಾಗ ಎತ್ತುತ್ತಿದ್ದ ಹಾಗೆ, ಬೆರಳು ಅಗಲಿಸಿ, ಯಾರೂ ಸದ್ದು ಮಾಡಬಾರದೆಂದು. ಲೋಟದಿಂದ ಕಣ್ಣೆತ್ತಲಿಲ್ಲ.

"ಅವಸರ ಇಲ್ರಿ," ಎಂದ. "ಬರ್ತದ."

ಪಡಸಾಲೆ ಹೊಳೆಯಾಯಿತು. ಯಾರೂ ಮಿರ್ಚಿ ಕಡಿಯಲಿಲ್ಲ. ಬೀಗರು ಒಬ್ಬೊಬ್ಬರಾಗಿ ನನ್ನ ಬಾಯಿ ಬಿಟ್ಟು, ಕಾಕಾ ಏನನ್ನು ನೋಡುತ್ತಿದ್ದಾನೆಂದು ಅವನ ಲೋಟದೊಳಗೆ ಇಣುಕಿದರು. ಅಲ್ಲಿ ಚಹಾ ಬಿಟ್ಟರೆ ಏನೂ ಇರಲಿಲ್ಲ. ಆದರೆ ಕಣ್ಣುಗಳು ಹೋದವಲ್ಲ, ಹಾವು ಬುಟ್ಟಿಯಿಂದ ಹೊರಗೆ ಬಂತು.

"ಕಾಕಾ ಮೀನ ಹಿಡಿಯಂಗಿಲ್ರಿ," ಎಂದೆ. "ಕಾಯ್ತಾನ. ಮೀನಿಗಿ ಕಾಯ್ತಾನೋ ಬಿಡ್ತಾನೋ, ನನ್ನ ಮಾತಿಗಿ ಕಾದಾನ. ಸಣ್ಣಾಕಿದ್ದಾಗ ನನಗ ಹಿಂಗ ತಡೀತಿತ್ತು. ಮಾತು ಕಲಿತದ್ದು ಆ ದಂಡಿ ಮ್ಯಾಲ. ಹೋದ ಐತವಾರ ಅವನ ಕೋಲು ನಾನೇ ಬಿಡಿಸಿದ್ದು, ನಿಮ್ಮ ಅಂಜಿಕಿಗಿ. ನಾ ಮಾಡಿದ್ದು ತಪ್ಪು. ಈಗ ನೀವು ಸಂಬಂಧ ಬ್ಯಾಡ ಅಂದ್ರ ಅಕ್ಕ ನನ್ನ ಮುಖ ನೋಡಂಗಿಲ್ಲ. ಆದ್ರೂ ಸುಳ್ಳು ಹೇಳಾಕ ನನಗ ಆಗಂಗಿಲ್ರಿ."

ಯಾವ ಸ್ಪರ್ಧೆಯಲ್ಲೂ ಇಷ್ಟು ಅಂಕೆಯಿಲ್ಲದ ಭಾಷಣ ಮಾಡಿದ್ದಿಲ್ಲ. ಅಡ್ಡದಾರಿಯೂ ಇಲ್ಲ, ಅಲಂಕಾರವೂ ಇಲ್ಲ. ಬಾಗಿಲ ಹಿಂದೆ ಅಕ್ಕನ ಬಳೆ ಸದ್ದಾಗಿ ನಿಂತಿತು.

ಹೆಡ್‌ಮಾಸ್ತರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಯವ್ವಾ," ಎಂದರು, "ನಾನು ಮೂವತ್ತು ವರ್ಷ ಸಾಲಿ ಕಲಿಸೀನಿ. ಮಾತು ತಡಿಯೋ ಹುಡುಗರು ನನ್ನ ಕ್ಲಾಸಿನ್ಯಾಗೂ ಇದ್ರು. ಅವರ ಮಾತು ನಾನೇ ಮುಗಿಸಿಬಿಡ್ತಿದ್ದೆ. ಉಪಕಾರ ಮಾಡೀನಿ ಅಂತ ತಿಳ್ಕೊಂಡಿದ್ದೆ ನೋಡು."

"ಹುಡುಗರದು ಬಿಡ್ರಿ," ಎಂದರು ಅವರ ಹೆಂಡತಿ, "ಮನ್ಯಾಗ ನನ್ನ ಒಂದು ಮಾತರ ಪೂರಾ ಆಗಾಕ ಬಿಟ್ಟೀರೇನು? ಬೀಗರೇ, ಇವರಿಗೂ ಒಂದು ಕೋಲು ಕೊಡ್ರಿ, ಐತವಾರಕ್ಕೊಮ್ಮಿ ಕರಕೊಂಡು ಹೋಗ್ರಿ!"

ಬೀಗರೇ! ಆ ಒಂದು ಶಬ್ದಕ್ಕೆ ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೆಡ್‌ಮಾಸ್ತರು ಮಾತ್ರ ಕೊನೆಯ ಅನುಮಾನವೊಂದನ್ನು ಇಟ್ಟುಕೊಂಡಿದ್ದರು. "ಎಲ್ಲಾ ಖರೆ. ಆದ್ರ ಒಂದಿನ ಅಕಸ್ಮಾತ್ ಮೀನ ಬಿತ್ತು ಅಂದ್ರ?"

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: "ಬೀಳಂಗಿಲ್ಲ ಬಿಡ್ರಿ ಯಪ್ಪಾ, ಅದಕ್ಕ ನಾ ಗ್ಯಾರಂಟಿ!"

ಮುಂದಿನ ಐತವಾರ ನಾವಿಬ್ಬರೂ ಗೂಗಲ್‌ಗೆ ಹೋದೆವು. ತಾತನ ಹತ್ತಿರ ನಾನೇ ಹೋಗಿ ಕೋಲು ವಾಪಸು ಕೇಳಿದೆ. ತಾತ ನಗುತ್ತ ಕೊಟ್ಟ.

"ಒಯ್ಯಿ ತಂಗಿ. ಒಂದು ವಾರ ನಾನೂ ಹಾಕಿ ನೋಡಿದೆ. ನಾಕು ಮೀನ ಬಿದ್ವು. ಕೋಲಿಂದೇನು ತಪ್ಪಿಲ್ಲ!"

ನನ್ನೊಳಗಿನ ವಾದಿ ಎದ್ದು ಕೂತಳು. ಕೋಲಿನ ತಪ್ಪಿಲ್ಲ. ಕಣ್ಣಿನ ತಪ್ಪೂ ಇರಲಾರದು. ಭತ್ತದ ಬಿರುಕನ್ನು ಕಾಣುವವನಿಗೆ ಕೆಂಪು ಬೆಂಡು ಕಾಣದೆ ಇರುತ್ತದೆಯೇ? ನಾನು ಬರುವುದಕ್ಕಿಂತ ಮೊದಲು ಟಕ್ಕನೆ ಎತ್ತುತ್ತಿದ್ದ ಎಂದು ತಾತ ಹೇಳಿದ್ದ. ಹಾಗಾದರೆ ಇನ್ನು ಉಳಿದದ್ದೇನು?

ಕಾಕಾನ ಪಕ್ಕದ ಕಲ್ಲಿನ ಮೇಲೆ ಕೂತೆ. ಅವನು ಗಾಳ ಬೀಸಿದ. ಏನು ಪುಣ್ಯವೋ, ಮೊದಲ ಸಲಕ್ಕೇ ನೀರಿಗೆ ಬಿತ್ತು. ನಮ್ಮ ಮನೆಗಳಲ್ಲಿ ಉಪಕಾರ ಸ್ಮರಿಸುವ ರೂಢಿಯಿಲ್ಲ. ಊಟ ಬಡಿಸಿದವರಿಗೆ, ಜ್ವರ ಬಂದಾಗ ಕೂತವರಿಗೆ, ಯಾರಿಗೂ ಏನೂ ಹೇಳುವುದಿಲ್ಲ. ಆದರೂ ಆ ದಿನ ಹೇಳಲೇಬೇಕೆಂದು ಹೋಗಿದ್ದೆ.

"ಕಾ…" ಎಂದೆ.

ಬೆಂಡು ಅಲುಗಿತು.

"ಕಾ… ಕಾ…"

ಬೆಂಡು ಮುಳುಗಿತು. ಪೂರ್ತಿ. ನೇಲ್ ಪಾಲಿಶಿನ ಕೆಂಪು ನೀರಿನೊಳಗೆ ಇಳಿದು ಹೋದದ್ದನ್ನು ನಾನೇ ಕಂಡೆ. ದಾರ ಬಿಗಿಯಿತು, ಕೋಲಿನ ತುದಿ ಬಾಗಿತು. ಕಾಕಾನ ಕಣ್ಣು ಅದರ ಮೇಲೆಯೇ ಇತ್ತು. ಕೈ ಏಳಲಿಲ್ಲ.

ಅವನು ಕಾಯುತ್ತಿದ್ದ.

"…ಕಾಕಾ, ನೀ ಯಾವತ್ತೂ ನನ್ನ ಮಾತು ನೀನೇ ಮುಗಿಸಲಿಲ್ಲ. ಭಾಳ ಉಪಕಾರ ಆತು."

ನನ್ನ ವಾಕ್ಯ ಮುಗಿದ ಮೇಲೆ ಕಾಕಾ ನಿಧಾನವಾಗಿ ಕೋಲು ಎತ್ತಿದ. ಗಾಳ ಖಾಲಿ. ಹೊಳೆಯ ನಡುವಿನಿಂದ ತಾತ ಹಣೆ ಬಡಿದುಕೊಂಡದ್ದು ಕಾಣಿಸಿತು. ಆ ದಂಡೆಯ ಮೇಲೆ ನಾನು ಒದ್ದಾಡಿ ಮುಗಿಸಿದ ಒಂದೊಂದು ಮಾತಿಗೂ ಎಷ್ಟು ಮೀನುಗಳು ತಿಂದು ಹೋಗಿದ್ದವೋ!

"ತಡ ಆತಲ್ಲ ಕಾಕಾ?" ಎಂದೆ. ನೀರು ಮಸುಕಾಗಿ ಕಾಣುತ್ತಿತ್ತು.

"ಎಲ್ಲಿ ತಡ? ಬರೋದು ಬಂತಲ್ಲ," ಎಂದು ಕಾಕಾ ಖಾಲಿ ಗಾಳಕ್ಕೆ ಮತ್ತೊಂದು ತೌಡಿನ ಉಂಡೆ ಮೆತ್ತತೊಡಗಿದ.